ಹೆಸರು ಹಾಕಿದ ಮೋಟಾರು

ಅಡಿವೆಪ್ಪನ ಮೊಬೈಲು ಕುಕ್ಕೂ ಎಂದು ಕೂಗಿತು. ಅಡಿವೆಪ್ಪ ತಲೆಯೆತ್ತದೆ ಹದಿನೈದು ಮೆಣಸಿನಕಾಯಿಗಳನ್ನು ಕಡಲೆಹಿಟ್ಟಿನಲ್ಲಿ ಮುಳುಗಿಸಿ ಎಣ್ಣೆಗೆ ಬಿಟ್ಟ. ಅವು ಒಂದು ಬಣ್ಣಕ್ಕೆ ಬಂದು ಜಾಲರಿಯ ಮೇಲೆ ಕೂರುವ ಹೊತ್ತಿಗೆ ಸರಿಯಾಗಿ ಮೂರನೆಯ ಅಖಾಡದ ಬಾಗಿಲು ತೆರೆದು, ನೂರಾರು ಮಕ್ಕಳು ಹಸಿದ ಹೊಟ್ಟೆಯಲ್ಲಿ ಅವನ ಗಾಡಿಯತ್ತ ಓಡಿಬಂದರು.

ಪಂದ್ಯ ಮುಗಿಯುವುದು ಅವನಿಗೆ ಮೊದಲೇ ಹೇಗೆ ತಿಳಿಯಿತು ಎಂದು ಯಾರೂ ಆಶ್ಚರ್ಯಪಡಲಿಲ್ಲ. ಎರಡು ಸಾವಿರದ ನಲವತ್ತೊಂಬತ್ತರ ಆ ಜನವರಿಯಲ್ಲಿ ಹುಬ್ಬಳ್ಳಿಯ ಸಭಾಂಗಣದಲ್ಲಿ ನೆರೆದಿದ್ದವರಿಗೆಲ್ಲ ‘ಜೋಳಿಗೆ’ ಗೊತ್ತಿತ್ತು.

ಯಂತ್ರಮಲ್ಲ ಸ್ಪರ್ಧೆಯೆಂದರೆ ಶಾಲಾ ಮಕ್ಕಳು ತಾವೇ ಕಟ್ಟಿದ ಯಂತ್ರಮಾನವರ ಕಾಳಗ. ಕುಸ್ತಿಯಂತೆ ಕೆಡವುವ ಕಾಳಗವಲ್ಲ. ನಾಲ್ಕು ನಿಮಿಷದಲ್ಲಿ ಯಾರ ಯಂತ್ರ ಹೆಚ್ಚು ಚೀಲಗಳನ್ನು ಎತ್ತಿ ಅಟ್ಟಣಿಗೆಯ ಮೇಲೆ ಜೋಡಿಸುತ್ತದೆ ಎಂಬುದು ಪಂತ. ನಲವತ್ತೆರಡು ತಂಡ, ಮೂರು ಅಖಾಡ, ಮೂರು ದಿನ. ಪ್ರತಿ ಯಂತ್ರದ ಪ್ರತಿಯೊಂದು ಮೋಟಾರೂ ತಾನು ಎಷ್ಟು ವಿದ್ಯುತ್ತು ಉಂಡೆ, ಎಷ್ಟು ಬಿಸಿಯಾದೆ, ಎಷ್ಟು ಸುತ್ತಿದೆ ಎಂದು ಸೆಕೆಂಡಿಗೆ ನಲವತ್ತು ಸಲ ವರದಿ ಒಪ್ಪಿಸುತ್ತಿತ್ತು. ಆ ದತ್ತಾಂಶವೆಲ್ಲ ಬಯಲಲ್ಲೇ ಇತ್ತು, ಯಾರು ಬೇಕಾದರೂ ನೋಡಬಹುದಿತ್ತು. ಆದರೆ ಸಮುದ್ರ ಬಯಲಲ್ಲಿದೆ ಎಂದು ಯಾರಾದರೂ ಕುಡಿಯುತ್ತಾರೆಯೆ? ಅದನ್ನು ಸೋಸಿ ಕೊಡಲು ಪರಿಣತರೇ ಬೇಕಾಗಿತ್ತು.

ಡಾಕ್ಟರ್ ವಸುಮತಿ ಆ ಕಷ್ಟವನ್ನು ಕಳೆದರು. ನಂಜನಗೂಡಿನವರು, ಹದಿನಾಲ್ಕು ತಿಂಗಳು ಕೂತು ಒಂದು ಸಂಕೇತ ಭಂಡಾರ ಬರೆದರು. ಭಂಡಾರವೆಂದರೆ ಒಬ್ಬರು ಬರೆದಿಟ್ಟ ಸಂಕೇತಗಳ, ಅಂದರೆ ಕಂಪ್ಯೂಟರ್ ಕೋಡಿನ, ಗಂಟು. ಮಿಕ್ಕವರು ಅದನ್ನು ತಮ್ಮ ಪ್ರೋಗ್ರಾಮಿನೊಳಗೆ ಕರೆದುಕೊಂಡು ಕೆಲಸ ಮಾಡಿಸಿಕೊಳ್ಳಬಹುದು. ಅದನ್ನು ಅವರು ಬರೆದದ್ದು ಜಾವಾಸ್ಕ್ರಿಪ್ಟಿನಲ್ಲಿ. ಹತ್ತು ವರ್ಷಕ್ಕೊಮ್ಮೆ ಯಾರಾದರೊಬ್ಬರು ಆ ಭಾಷೆಯ ತಿಥಿ ಮಾಡುತ್ತಲೇ ಬಂದಿದ್ದರು, ಅದು ಮಾತ್ರ ಐವತ್ತು ದಾಟಿದರೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿತ್ತು. ಭಂಡಾರಕ್ಕೆ ವಸುಮತಿ ಇಟ್ಟ ಹೆಸರು ಜೋಳಿಗೆ. ನಾಲ್ಕು ಸಾಲು ಬರೆದರೆ ಸಾಕು, ಜೋಳಿಗೆಗೆ ಕೈಹಾಕಿ ಬೇಕಾದದ್ದನ್ನು ತೆಗೆದುಕೊಳ್ಳಬಹುದು. ಮಿರ್ಚಿ ಗಾಡಿಯ ಅಡಿವೆಪ್ಪ ಬರೆದದ್ದೂ ನಾಲ್ಕೇ ಸಾಲು: ಯಾವುದೇ ಅಖಾಡದಲ್ಲಿ ಎಪ್ಪತ್ತು ಸೆಕೆಂಡು ಉಳಿದಾಗ ನನ್ನನ್ನು ಕೂಗು.

“ಇದೊಂದು ನೋಡಿ ನನಗೆ ಜನ್ಮ ಸಾರ್ಥಕ ಅನ್ನಿಸಿದ್ದು,” ಎಂದರು ವಸುಮತಿ, ಬಿಸಿ ಮಿರ್ಚಿಯನ್ನು ಊದುತ್ತ. “ಪ್ರಬಂಧಗಳಲ್ಲಿ ಯಾರುಯಾರೋ ಹೊಗಳಿ ಬರೆದಿದ್ದಾರೆ, ಅದು ಬಿಡಿ. ಬಜ್ಜಿ ಕರಿಯೋರ ಕೈಗೆ ಬಂತಲ್ಲ!”

ಈ ಮಾತು ಕೇಳುತ್ತ ನಿಂತಿದ್ದವನು ಮೌಲಾಸಾಬ ಕಲೈಗಾರ. ಗದಗಿನ ಪಕ್ಕದ ಬೆಟಗೇರಿಯವನು. ಅವನ ಹಿರಿಯರು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ತಾಮ್ರ ಹೋಗಿ ಸ್ಟೀಲು ಬಂದ ಮೇಲೆ ಅವನು ಪಾತ್ರೆ ಅಂಗಡಿಯ ಮುಂದೆ ಕೂತು ಕೊಂಡವರ ಹೆಸರನ್ನು ಪಾತ್ರೆಯ ಮೇಲೆ ಕೆತ್ತುವ ಕೆಲಸ ಹಿಡಿದ. ಐದು ವರ್ಷದ ಹಿಂದೆ ಓಣಿಯ ಬಾಲಕಿಯರ ಪ್ರೌಢಶಾಲೆಗೆ ಬಿಸಿಯೂಟದ ತಟ್ಟೆಗಳಿಗೆ ಹೆಸರು ಕೆತ್ತಲು ಹೋದವನು, ಅಲ್ಲಿ ನಾಲ್ಕು ಹುಡುಗಿಯರು ಒಂದು ಮೋಟಾರನ್ನು ಬಿಚ್ಚಲಾಗದೆ ಒದ್ದಾಡುವುದನ್ನು ಕಂಡ. ಬಿಚ್ಚಿಕೊಟ್ಟ. ಆಮೇಲೆ ಜೋಡಿಸಿಕೊಟ್ಟ. ಮರುದಿನವೂ ಹೋದ. ಹಾಗೆ ಹೋದವನು ಇನ್ನೂ ಹೊರಗೆ ಬಂದಿಲ್ಲ. ತಂಡದ ಕಾಗದಪತ್ರಗಳಲ್ಲಿ ಅವನ ಹೆಸರಿನ ಮುಂದೆ ‘ಮಾರ್ಗದರ್ಶಕ’ ಎಂದು ಬರೆಯುತ್ತಿದ್ದರು. ಅದನ್ನು ಓದಿದಾಗಲೆಲ್ಲ ಅವನಿಗೆ ನಾಚಿಕೆಯೂ ಆಗುತ್ತಿತ್ತು, ಎದೆಯೂ ಉಬ್ಬುತ್ತಿತ್ತು.

“ಮೇಡಮ್ಮಾರ, ಇದು ಕೇಳಿದ ಕೂಡ್ಲೆ ಉತ್ತರ ಕೊಡ್ತತೇನ್ರಿ?” ಎಂದು ಕೇಳಿದ.

“ಇಲ್ಲ. ಮೊದಲು ‘ತರ್ತೀನಿ’ ಅಂತ ಮಾತು ಕೊಡುತ್ತೆ. ಅದು ತರೋ ತನಕ ನಿಮ್ಮ ಪ್ರೋಗ್ರಾಮು ಸುಮ್ಮನೆ ಕಾಯ್ತಾ ನಿಂತಿರಬೇಕಾಗಿಲ್ಲ, ಬೇರೆ ಕೆಲಸ ಮಾಡ್ಕೋಬಹುದು. ಸಿಕ್ಕ ಮೇಲೆ ತಂದು ಕೈಗಿಡುತ್ತೆ.”

“ನಮ್ಮ ಓಣಿ ದರ್ಜಿನೂ ಹಂಗ ಮಾತು ಕೊಡ್ತಾನ್ರಿ. ತಂದು ಕೈಗಿಡೂದು ಮಾತ್ರ ಇಲ್ಲ.”

ವಸುಮತಿ ಮಿರ್ಚಿ ನೆತ್ತಿಗೇರುವಷ್ಟು ನಕ್ಕರು. ನೀರು ಕುಡಿದು, “ನಿಮಗೇನು ಬೇಕು ಕೇಳಿ, ನಾನೇ ಬರೀತೀನಿ,” ಎಂದರು.

ಮೌಲಾಸಾಬನಿಗೆ ಬೇಕಾದದ್ದು ಒಂದೇ. “ನಮ್ಮ ಹುಡಿಗ್ಯಾರ ಗಟ್ಟಿಗಿತ್ತಿ ಎಷ್ಟನೇದೈತ್ರಿ?”

ಗಟ್ಟಿಗಿತ್ತಿ ಎಂಬುದು ಬೆಟಗೇರಿಯ ಯಂತ್ರದ ಹೆಸರು. ವಸುಮತಿಯವರ ಬೆರಳು ಆಡಿತು, ಉತ್ತರ ಬಂತು: ಹತ್ತೊಂಬತ್ತು. ಅದು ಅವನಿಗೆ ಗೊತ್ತಿಲ್ಲದ ಸುದ್ದಿಯೇನಲ್ಲ. ಬೆಳಗಿನಿಂದ ದೊಡ್ಡ ಪರದೆಯ ಮೇಲೆ ಹತ್ತು ಸಲ ನೋಡಿದ್ದ. ಆದರೂ ಕೇಳಿ ಹೇಳಿಸಿಕೊಳ್ಳುವ ಸುಖವೇ ಬೇರೆ. ಹೋದ ವರ್ಷ ಅವರು ನಲವತ್ತೊಂದನೆಯವರು. ಈ ಸಲ ಮೊದಲ ಇಪ್ಪತ್ತರೊಳಗೆ ಉಳಿದರೆ ಬರುವ ವರ್ಷ ಜಿಲ್ಲಾ ಸುತ್ತುಗಳಿಲ್ಲದೆ ನೇರ ಪ್ರವೇಶ. ಇನ್ನು ಒಂದೇ ಪಂದ್ಯ ಬಾಕಿಯಿತ್ತು, ಸೋತರೂ ಇಪ್ಪತ್ತನೆಯ ಸ್ಥಾನಕ್ಕೆ ಮೋಸವಿರಲಿಲ್ಲ. ನೇಕಾರರ ಓಣಿಯ ಹುಡುಗಿಯರು, ಕೈಬಿಟ್ಟ ಮಗ್ಗಗಳಿಂದ ಕಿತ್ತ ಹಳೆಯ ಮೋಟಾರುಗಳಿಗೆ ತಾವೇ ಹೊಸ ತಂತಿ ಸುತ್ತಿ ಕಟ್ಟಿದ ಯಂತ್ರ ಅದು. ಅದು ಹತ್ತೊಂಬತ್ತನೆಯದೆಂದರೆ ಮೌಲಾಸಾಬನ ಮಟ್ಟಿಗೆ ಒಂದನೆಯದೇ.

ಅವನು ಮಿರ್ಚಿಯ ಪೊಟ್ಟಣ ಹಿಡಿದು ಹುಡುಗಿಯರತ್ತ ಹೊರಟಾಗ ದೊಡ್ಡ ಪರದೆ ಕೆಂಪಾಯಿತು.

ಆ ವರ್ಷ ವಸುಮತಿ ಜೋಳಿಗೆಗೆ ಹೊಸದೊಂದು ವಿದ್ಯೆ ಕಲಿಸಿದ್ದರು. ಅದರ ಹೆಸರು ‘ಅನುಮಾನ’. ಹಿಂದಿನ ವರ್ಷ ಯಾವುದೋ ತಂಡ ಒಂದೇ ರೀತಿಯ ಎರಡು ಯಂತ್ರ ತಂದು, ಒಂದು ದಣಿದಾಗ ಇನ್ನೊಂದನ್ನು ಗುಟ್ಟಾಗಿ ಇಳಿಸಿ ಸಿಕ್ಕಿಬಿದ್ದಿತ್ತು. ಅಂಥ ಕಳ್ಳಾಟವನ್ನು ಜೋಳಿಗೆ ಈಗ ತಾನಾಗಿಯೇ ಹಿಡಿಯುತ್ತಿತ್ತು. ಪರದೆಯ ಮೇಲೆ ಒಂದೇ ಸಾಲು ಇತ್ತು: ‘ಬೆಟಗೇರಿ — ಒಂದೇ ಕ್ಷಣದಲ್ಲಿ ಮೂರೂ ಅಖಾಡಗಳಲ್ಲಿ.’

ಸಭಾಂಗಣ ಗುಜುಗುಜು ಅಂದಿತು. ಮೌಲಾಸಾಬ ಪೊಟ್ಟಣ ಹಿಡಿದು ನಡುದಾರಿಯಲ್ಲೇ ನಿಂತ.

ತಂಡದ ನಾಯಕಿ ದಾಕ್ಷಾಯಿಣಿ ಹೊಂಬಳ ಓಡಿಬಂದಳು. ಹತ್ತನೆಯ ಇಯತ್ತೆಯ ಹುಡುಗಿ. ಗಟ್ಟಿಗಿತ್ತಿಯ ಸಂಕೇತವೆಲ್ಲ ಅವಳದೇ ಬರವಣಿಗೆ. “ಕಾಕಾ, ನಮ್ಮನ್ನ ಕಳ್ಳರು ಅನ್ನಾಕತ್ತಾರ! ನಮ್ಮ ಯಂತ್ರ ಇಲ್ಲೇ ಐತಿ, ಬೆಳಗಿಂದ ಇಲ್ಲೇ ಐತಿ!”

ಮೌಲಾಸಾಬನ ಕಣ್ಣು ಗೋಡೆಯ ಬದಿಗಿದ್ದ ಕಬ್ಬಿಣದ ಟ್ರಂಕಿನ ಮೇಲೆ ಹೋಗಿತ್ತು.

ಬೆಟಗೇರಿಯಿಂದ ಹೊರಡುವಾಗ ಆ ಟ್ರಂಕಿನಲ್ಲಿ ಇಪ್ಪತ್ತಾರು ಮೋಟಾರುಗಳಿದ್ದವು. ಯಂತ್ರಕ್ಕೆ ನಾಲ್ಕು ಸಾಕು. ಆದರೆ ತಾವು ಸುತ್ತಿದ ಮೋಟಾರುಗಳು ಎಷ್ಟು ಹೊತ್ತಿಗೆ ಸುಟ್ಟುಹೋಗುತ್ತವೋ ಎಂಬ ಹೆದರಿಕೆಯಲ್ಲಿ ಹುಡುಗಿಯರು ಇದ್ದಬಿದ್ದದ್ದನ್ನೆಲ್ಲ ತುಂಬಿದ್ದರು. ಮೌಲಾಸಾಬ ಮೊದಲ ದಿನದ ತಪಾಸಣೆಯಲ್ಲಿ ಇಪ್ಪತ್ತಾರನ್ನೂ ಹಾಸಿಟ್ಟು, ಪ್ರತಿಯೊಂದಕ್ಕೂ ಮುದ್ರೆ ಹಾಕಿಸಿಕೊಂಡಿದ್ದ. ಆಮೇಲೆ ತಮಾಷೆಯಾಯಿತು. ಮಗ್ಗದ ಮೋಟಾರುಗಳು ದಿನಕ್ಕೆ ಹದಿನಾರು ತಾಸು ದುಡಿಯಲೆಂದೇ ಹುಟ್ಟಿದ ಜಾತಿ, ಒಂದೂ ಸುಡಲಿಲ್ಲ. ಆ ವರ್ಷದ ಚೀಲಗಳು ಎಲ್ಲರೂ ಎಣಿಸಿದ್ದಕ್ಕಿಂತ ಭಾರವಾಗಿದ್ದವು. ಪರದೇಶದಿಂದ ತರಿಸಿದ ನಾಜೂಕು ಮೋಟಾರುಗಳು ಮೊದಲ ಸಂಜೆಗೇ ಹೊಗೆ ಬಿಟ್ಟವು. ಮೈಸೂರಿನ ಮಕ್ಕಳು ಬಂದು ಕೇಳಿದರು. ಕೊಟ್ಟ. ಕಲಬುರಗಿಯವರು ಬಂದರು. ಕೊಟ್ಟ. ಎರಡನೆಯ ದಿನವಾದ ಇಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಹನ್ನೊಂದು ತಂಡಗಳಿಗೆ ಹದಿನೇಳು ಮೋಟಾರು ಹೋಗಿದ್ದವು. “ಕಾಕಾ, ನಮ್ಮ ಮೋಟಾರ್ ಹಾಕ್ಕೊಂಡು ನಮ್ಮನ್ನ ಸೋಲಸ್ತಾರ,” ಎಂದು ದಾಕ್ಷಾಯಿಣಿ ಗೊಣಗಿದ್ದಳು. “ಸೋಲಸ್ಲಿ ಬಿಡವಾ, ಮೋಟಾರಂತೂ ನಮ್ದ ಅಲ್ಲೇನು,” ಎಂದು ಅವನು ನಕ್ಕಿದ್ದ.

ಈಗ ಅವನಿಗೆ ನಗು ಬರಲಿಲ್ಲ. ಆ ಇಪ್ಪತ್ತಾರರ ಮೇಲೂ ಅವನು ತನ್ನ ಕೈಯಾರೆ ‘ಬೆಟಗೇರಿ’ ಎಂದು ಕೆತ್ತಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮೋಟಾರಿನ ಒಳಗೊಂದು ನೆನಪಿನ ಬಿಲ್ಲೆ (ಚಿಪ್ಪು) ಇರುತ್ತದೆ, ಅದರಲ್ಲಿ ಹೆಸರು ಬರೆಯಲು ಜಾಗವಿದೆ, ಯಾರೂ ಬರೆಯುವುದಿಲ್ಲ ಎಂದು ದಾಕ್ಷಾಯಿಣಿ ತೋರಿಸಿದಾಗ, “ಖಾಲಿ ಬಿಡಬ್ಯಾಡವಾ, ಅಲ್ಲೂ ಬರಿ,” ಎಂದವನು ಅವನೇ. ಪಾತ್ರೆ ಅಂಗಡಿಯ ಮುಂದೆ ಮೂವತ್ತು ವರ್ಷ ಕೂತವನು ಹೆಸರಿಲ್ಲದ ವಸ್ತುವನ್ನು ಮನೆಯಿಂದ ಹೊರಗೆ ಕಳಿಸುವುದುಂಟೆ?

ವಿಚಾರಣೆ ಮೂರು ಗಂಟೆಗೆ. ಮುಖ್ಯ ತೀರ್ಪುಗಾರ ಜಯತೀರ್ಥ ಕಟ್ಟಿ ಧಾರವಾಡದವರು. ಕೆಟ್ಟ ಮನುಷ್ಯರಲ್ಲ, ಆದರೆ ನಿಯಮದ ಪುಸ್ತಕವನ್ನು ಎದೆಗೆ ಅವಚಿಕೊಂಡೇ ಊಟಕ್ಕೂ ಕೂರುವವರು.

“ನೋಡ್ರಿ ಕಲೈಗಾರ್ರ, ಯಂತ್ರ ಸುಳ್ಳು ಹೇಳೂದಿಲ್ಲ. ಒಂದ ಹೊತ್ತಿಗೆ ಮೂರು ಕಡೆ ಬೆಟಗೇರಿ ಅಂತ ಬಂದದ. ಎರಡನೇ ಯಂತ್ರ ತಂದೀರೇನು?”

“ಇಲ್ರಿ.”

“ಮತ್ತ ಇದು ಹೆಂಗ ಬಂತು?”

ದಾಕ್ಷಾಯಿಣಿ ಬಾಯಿ ತೆರೆದಳು. ಮೌಲಾಸಾಬ ಅವಳನ್ನು ನೋಡಿದ. ಅವಳು ಬಾಯಿ ಮುಚ್ಚಿದಳು, ಕಣ್ಣಲ್ಲಿ ಬೆಂಕಿಯಿತ್ತು.

ಯಾಕೆ ಸುಮ್ಮನಿದ್ದನೆಂದರೆ, ಕಟ್ಟಿಯವರ ಪುಸ್ತಕದ ಹದಿನೇಳನೆಯ ನಿಯಮ ಮೌಲಾಸಾಬನಿಗೂ ಬಾಯಿಪಾಠವಿತ್ತು: ತಪಾಸಣೆಯಾಗದ, ಘೋಷಿಸದ ಹೊರಗಿನ ಬಿಡಿಭಾಗ ಬಳಸಿದ ತಂಡ ಅನರ್ಹ. ಗಡಿಬಿಡಿಯಲ್ಲಿ ಮೋಟಾರು ಒಯ್ದ ಯಾವ ತಂಡವೂ ತಪಾಸಣೆಯವರಿಗೆ ಹೇಳಿರಲಿಲ್ಲ. ಇವನು ಬಾಯಿಬಿಟ್ಟರೆ ಬೆಟಗೇರಿ ಉಳಿಯುತ್ತದೆ, ಹನ್ನೊಂದು ತಂಡ ಮುಳುಗುತ್ತವೆ.

“ಹೇಳೂದು ಏನಿಲ್ರಿ,” ಎಂದ.

“ಹಂಗಾರ ಐದಕ್ಕ ತೀರ್ಪು. ಅನರ್ಹರಾದ್ರ ಮೂರು ವರ್ಷ ಪ್ರವೇಶ ಇಲ್ಲ, ತಿಳೀತಿಲ್ಲೋ? ಆ ಕೆಂಪು ಸಾಲೂ ದಾಖಲೆಯೊಳಗ ಕಾಯಂ ಇರ್ತದ,” ಎಂದರು ಕಟ್ಟಿ, ದನಿ ತಗ್ಗಿಸಿ. ಹೇಳಲು ಅವರಿಗೂ ಖುಷಿಯಿರಲಿಲ್ಲ.

ಮೆಟ್ಟಿಲ ಮೇಲೆ ಕೂತ ಮೌಲಾಸಾಬನನ್ನು ಹುಡುಕಿಕೊಂಡು ವಸುಮತಿ ಬಂದರು. ಅವರ ಮುಖ ಇಳಿದಿತ್ತು.

“ತಪ್ಪು ನನ್ನದು ಕಲೈಗಾರರೇ. ಈಗ ಕೂತು ನೋಡಿದೆ. ಪ್ರತಿ ಮೋಟಾರಿಗೂ ಕಾರ್ಖಾನೆಯ ಒಂದು ಸಂಖ್ಯೆ ಇರುತ್ತೆ. ಬೆಟಗೇರಿ ಅಂತ ಕೂಗಿದ್ದು ಒಂದೇ ಯಂತ್ರವಲ್ಲ, ಬೇರೆಬೇರೆ ಸಂಖ್ಯೆಯ ಮೋಟಾರುಗಳು. ನಾನು ಬರೆದಿದ್ದೇನು ಗೊತ್ತಾ? ಮೋಟಾರಿಗೆ ಹೆಸರಿದ್ದರೆ ಆ ಹೆಸರನ್ನೇ ತಗೋ, ಇಲ್ಲದಿದ್ದರೆ ಅದು ಕೂತಿರೋ ಯಂತ್ರದ ಹೆಸರು ತಗೋ, ಅಂತ. ಮೋಟಾರಿಗೆ ಹೆಸರಿಟ್ಟು, ಆಮೇಲೆ ಅದನ್ನ ಇನ್ನೊಬ್ಬರಿಗೆ ಕೊಡೋರು ಇರ್ತಾರೆ ಅಂತ ನನ್ನ ತಲೆಗೇ ಬರಲಿಲ್ಲ. ಕೊಡೋ ವಸ್ತುವಿಗೆ ಯಾಕೆ ಹೆಸರು ಹಾಕಿದಿರಿ?”

ಮೌಲಾಸಾಬ ಅವರನ್ನು ಕನಿಕರದಿಂದ ನೋಡಿದ. ಎಷ್ಟು ಓದಿದರೇನು, ಕೆಲವು ಸಂಗತಿ ಪಾತ್ರೆ ಅಂಗಡಿಯ ಮುಂದೆ ಕೂತರೇ ತಿಳಿಯುವಂಥವು.

“ಮೇಡಮ್ಮಾರ, ಕೊಡೂದಕ್ಕ ಅಂತನ ಹೆಸರು ಹಾಕೂದು. ಕೊಡದವಗ ಹೆಸರು ಯಾಕ ಬೇಕ್ರಿ? ಅವನ ಮನಿ ಪಾತ್ರಿ ಅವನ ಮನ್ಯಾಗ ಇರ್ತೈತಿ. ಹತ್ತು ಮನಿಗೆ ಹೋಗೂ ಕೊಳಗಕ್ಕ ಹೆಸರು ಹಾಕಸ್ತಾರ, ತಿರುಗಿ ಮನಿ ಹುಡುಕ್ಕೊಂಡು ಬರ್ಲಿ ಅಂತ.”

ವಸುಮತಿ ಅವನ ಪಕ್ಕದಲ್ಲೇ ಕೂತರು. “ಹಾಗಾದರೆ ಕಟ್ಟಿಯವರಿಗೆ ಇದನ್ನೇ ಹೇಳಿಬಿಡಿ. ಯಾರುಯಾರಿಗೆ ಕೊಟ್ಟಿರಿ ಅಂತ ಪಟ್ಟಿ ಕೊಡಿ.”

“ಅದೊಂದು ಆಗೂದಿಲ್ರಿ. ನಮ್ಮ ಕೊಳಗ ಯಾರ ಮನ್ಯಾಗೈತಿ ಅಂತ ಓಣ್ಯಾಗ ನಿಂತು ಹೇಳಬಾರ್ದು. ಕೇಳಾಕ ಬಂದವರು ನಾಚಿಕಿ ನುಂಗ್ಕೊಂಡು ಬಂದಿರ್ತಾರ.”

“ಕಾಕಾ, ಮೂರು ವರ್ಷ!” ಹಿಂದೆಯೇ ಬಂದು ನಿಂತಿದ್ದ ದಾಕ್ಷಾಯಿಣಿ ಸಿಡಿದಳು. “ಕೆಳಗಿನ ಇಯತ್ತೆ ಹುಡಿಗ್ಯಾರ ಬಾಳೇನು? ಅವರಿಗೆ ಏನಂತ ಹೇಳ್ಲಿ?”

ಎಂಟನೆಯ ಇಯತ್ತೆಯ ಇಬ್ಬರು ಪುಟ್ಟ ಹುಡುಗಿಯರು ಗಟ್ಟಿಗಿತ್ತಿಯ ಚಕ್ರಕ್ಕೆ ಎಣ್ಣೆ ಬಿಡುತ್ತ ಅಲ್ಲೇ ಕೂತಿದ್ದರು. ಮುಂದಿನ ವರ್ಷ ಯಂತ್ರ ಅವರ ಕೈಗೆ ಬರಬೇಕಾಗಿತ್ತು. ಅವರತ್ತ ನೋಡುವುದಕ್ಕೇ ಮೌಲಾಸಾಬನಿಗೆ ಧೈರ್ಯ ಸಾಲಲಿಲ್ಲ.

“ಒಂದು ದಾರಿ ಇದೆ,” ಎಂದರು ವಸುಮತಿ ಮೆಲ್ಲಗೆ. “ಆ ಒಂದು ಸಾಲು ನಾನು ಬದಲಿಸಿಬಿಟ್ಟರೆ ಕೆಂಪು ಹೋಗುತ್ತೆ. ಆದರೆ ಜೋಳಿಗೆಯಲ್ಲಿ ಗುಟ್ಟಾಗಿ ಏನೂ ಮಾಡೋ ಹಾಗಿಲ್ಲ. ಏನು ಬದಲಿಸಿದೆ, ಯಾಕೆ ಬದಲಿಸಿದೆ ಅಂತ ಎಲ್ಲರಿಗೂ ಕಾಣೋ ಹಾಗೆ ಬರೀಬೇಕು. ಬರೆದರೆ ಹನ್ನೊಂದು ತಂಡಗಳ ಹೆಸರು ತಾನಾಗಿಯೇ ಹೊರಗೆ ಬರುತ್ತೆ. ಏನನ್ನೂ ಮುಚ್ಚಿಡೋದಿಲ್ಲ ಅಂತ ಅದರ ಬಗ್ಗೆ ಊರೆಲ್ಲ ಹೇಳಿಕೊಂಡು ಮೆರೆದೆ. ಅದೇ ಈಗ ಕುತ್ತಿಗೆಗೆ ಬಂತು.”

ಮೂವರೂ ಮೆಟ್ಟಿಲ ಮೇಲಿಂದಲೇ ದೊಡ್ಡ ಪರದೆಯನ್ನು ನೋಡುತ್ತ ಕೂತರು. ನಾಲ್ಕೂವರೆಯಾಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಸಭಾಂಗಣದ ದೊಡ್ಡ ಪರದೆಯ ಕೆಳಗಡೆ ಒಂದು ಪಟ್ಟಿ ಸದಾ ಓಡುತ್ತಿತ್ತು. ಯಾವ ತಂಡ ಜೋಳಿಗೆಯನ್ನು ಏನು ಕೇಳಿತು, ಅದು ಏನು ಕೊಟ್ಟಿತು ಎಂಬುದು ಅಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಮಕ್ಕಳು ಒಬ್ಬರ ಪ್ರಶ್ನೆ ನೋಡಿ ಇನ್ನೊಬ್ಬರು ಕಲಿಯಲಿ ಎಂದು ವಸುಮತಿ ಮಾಡಿದ ಏರ್ಪಾಡು. ಸಾಮಾನ್ಯವಾಗಿ ಅದನ್ನು ಯಾರೂ ಓದುತ್ತಿರಲಿಲ್ಲ. ಬಸ್‌ ನಿಲ್ದಾಣದ ಘೋಷಣೆಯಂತೆ ಅದರ ಪಾಡಿಗೆ ಅದು ಹೋಗುತ್ತಿತ್ತು.

ಮೊದಲು ಓದಿದವಳು ದಾಕ್ಷಾಯಿಣಿ. “ಕಾಕಾ,” ಎಂದು ಅವನ ತೋಳು ಹಿಡಿದಳು.

ಪಟ್ಟಿಯಲ್ಲಿ ಹೀಗೆ ಬಂದಿತ್ತು: ‘ಮೈಸೂರು ತಂಡ ಕೇಳಿದೆ: ಮೈಸೂರಿನ ಯಂತ್ರದಲ್ಲಿರುವ ಬೆಟಗೇರಿಯ ಮೋಟಾರು ಎಷ್ಟು? ಉತ್ತರ: ಎರಡು.’

ಮೈಸೂರು ಆಗ ಅಂಕಗಳಲ್ಲಿ ಮೊದಲನೆಯ ತಂಡ. ಕಳೆದುಕೊಳ್ಳುವುದು ಅವರಿಗೇ ಎಲ್ಲರಿಗಿಂತ ಹೆಚ್ಚು. ತಮ್ಮ ಯಂತ್ರದೊಳಗೆ ಏನಿದೆ ಎಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಉತ್ತರ ಬೇಕೆಂದು ಅವರು ಕೇಳಿರಲಿಲ್ಲ.

ಎಲ್ಲರ ಕಣ್ಣೂ ಆ ಪಟ್ಟಿಗೆ ಹೋದವು. ‘ಕಲಬುರಗಿ ತಂಡ ಕೇಳಿದೆ: ಕಲಬುರಗಿಯ ಯಂತ್ರದಲ್ಲಿರುವ ಬೆಟಗೇರಿಯ ಮೋಟಾರು ಎಷ್ಟು? ಉತ್ತರ: ಎರಡು.’ ಶಿರಸಿ: ಒಂದು. ಮಂಡ್ಯ: ಮೂರು. ಮೂರು ಬಂದಾಗ ಮಂಡ್ಯದ ಹುಡುಗನೊಬ್ಬ ಎದ್ದು ನಿಂತು, “ಒಂದು ಸುಮ್ನೆ ಸ್ಪೇರಾಗಿ ಕೂತದೆ, ಸಾರ್!” ಎಂದು ಕೂಗಿದ, ಜನ ನಕ್ಕರು. ಬಳ್ಳಾರಿ, ಪುತ್ತೂರು, ಹಾಸನ, ಬೀದರ... ಮೌಲಾಸಾಬ ಬೆರಳು ಮಡಚುತ್ತ ಹೋದ. ಹತ್ತು ಬೆರಳು ಮುಗಿದು ಇನ್ನೊಂದು ಬಂತು. ಅಲ್ಲಿಗೆ ನಿಲ್ಲಬೇಕಾಗಿತ್ತು. ಆದರೆ ಹನ್ನೆರಡನೆಯದೂ ಒಂದು ಬಂತು: ‘ಚಿತ್ರದುರ್ಗ ತಂಡ ಕೇಳಿದೆ... ಉತ್ತರ: ಸೊನ್ನೆ.’

“ಅವರ್‌ಗೆ ನಾವು ಕೊಟ್ಟಿಲ್ಲಲ್ಲ ಕಾಕಾ?”

“ಇಲ್ಲವಾ. ಊರೆಲ್ಲ ನಿಂತಾಗ ತಾವೊಬ್ಬರ ಕುಂದ್ರಾಕ ಅವರಿಗೆ ಮನಸ್ಸು ಆಗಿಲ್ಲ,” ಎಂದ ಮೌಲಾಸಾಬ. ಕಣ್ಣೀರು ಬಂದದ್ದನ್ನು ಅವನು ಒರೆಸಿಕೊಳ್ಳಲೂ ಇಲ್ಲ, ಮರೆಸಲೂ ಇಲ್ಲ.

ವಸುಮತಿ ಪರದೆಯನ್ನು ನೋಡುತ್ತಲೇ ಇದ್ದರು. ಇದನ್ನು ಹೀಗೂ ಬಳಸಬಹುದೆಂದು ಅವರು ಬರೆದ ಕೈಪಿಡಿಯ ಮುನ್ನೂರು ಪುಟಗಳಲ್ಲಿ ಎಲ್ಲೂ ಇರಲಿಲ್ಲ.

ಐದು ಗಂಟೆಗೆ ಕಟ್ಟಿಯವರು ವೇದಿಕೆ ಹತ್ತಿದರು. ಪಾಪ, ಅವರ ಪೇಚಾಟ ಸಣ್ಣದಲ್ಲ. ಹನ್ನೊಂದು ತಂಡಗಳನ್ನು ತೆಗೆದರೆ ಮೊದಲ ಎಂಟರಲ್ಲಿ ಆರು ಹೋಗುತ್ತಿದ್ದವು. ನಾಳಿನ ಅಂತಿಮ ಸುತ್ತಿಗೆ ಖಾಲಿ ಅಖಾಡ ತೋರಿಸಬೇಕಾಗುತ್ತಿತ್ತು. ಅವರು ಪುಸ್ತಕ ತೆರೆದರು, ಕನ್ನಡಕ ಸರಿಮಾಡಿಕೊಂಡರು.

“ಹದಿನೇಳನೇ ನಿಯಮ ಎರಡು ಮಾತು ಹೇಳ್ತದ. ತಪಾಸಣೆಯಾಗದ, ಘೋಷಿಸದ ಬಿಡಿಭಾಗ ಬಳಸಬಾರ್ದು. ಈ ಹದಿನೇಳು ಮೋಟಾರಿಗೂ ಮೊದಲನೇ ದಿನಾನ ತಪಾಸಣೆ ಆಗ್ಯದ. ಮುದ್ರೆ ಹೊಡದಾವ ನಾನ. ಅವತ್ತು ಒಂದು ಟ್ರಂಕು ಮೋಟಾರ್ ಹಾಸಿ ಕೂಡಿಸಿದ್ರು, ನನ್ನ ಕೈ ಸೋತಿತ್ತು.” ಅವರು ಉಸಿರು ತೆಗೆದುಕೊಂಡರು. “ಇನ್ನ ಘೋಷಣೆ. ತಾನು ಬೆಟಗೇರಿದು ಅಂತ ಪ್ರತಿ ಮೋಟಾರು ಸೆಕೆಂಡಿಗೆ ನಲವತ್ತು ಸಲ ಕೂಗ್ಯದ. ಎರಡು ದಿನದಾಗ ಇದಕ್ಕಿಂತ ಹೆಚ್ಚು ಘೋಷಣೆ ಯಾವ ಬಿಡಿಭಾಗನೂ ಮಾಡಿಲ್ಲ. ಆದಕಾರಣ ಯಾರೂ ಅನರ್ಹರಲ್ಲ. ಕೆಂಪು ಸಾಲು ತೆಗೀರಿ.”

ಆಗ ಎದ್ದ ಗದ್ದಲಕ್ಕೆ ಸಭಾಂಗಣದ ತಗಡು ಅದುರಿತು. ದಾಕ್ಷಾಯಿಣಿ ಕಾಕಾನ ಟೋಪಿಯನ್ನೇ ಎಳೆದು ಮೇಲೆ ತೂರಿದಳು.

ಗಟ್ಟಿಗಿತ್ತಿ ಬಾಕಿಯಿದ್ದ ಪಂದ್ಯವನ್ನು ಸೋತಿತು. ಎರಡು ಚೀಲ ಕೆಳಗೆ ಬಿದ್ದವು. ಆದರೂ ಇಪ್ಪತ್ತನೆಯ ಸ್ಥಾನ ಉಳಿಯಿತು. ಮರುದಿನ ಮಧ್ಯಾಹ್ನ ಮೈಸೂರು ಮತ್ತು ಕಲಬುರಗಿಯ ನಡುವೆ ಅಂತಿಮ ಪಂದ್ಯ ನಡೆಯಿತು. ಮೋಟಾರಿನ ಹೆಸರನ್ನೇ ತಗೋ ಎಂದು ತಾವು ಬರೆದ ಆ ಸಾಲನ್ನು ವಸುಮತಿ ಬದಲಿಸಿರಲಿಲ್ಲ, ಬೇಕೆಂದೇ. ಹೀಗಾಗಿ ದೊಡ್ಡ ಪರದೆಯ ಎಡಭಾಗದಲ್ಲಿ ಮೈಸೂರಿನ ಹೆಸರಿನ ಕೆಳಗೂ ಬೆಟಗೇರಿ, ಬಲಭಾಗದಲ್ಲಿ ಕಲಬುರಗಿಯ ಹೆಸರಿನ ಕೆಳಗೂ ಬೆಟಗೇರಿ ಎಂದು ಬೆಳಗುತ್ತಿತ್ತು. ಯಾರು ಗೆದ್ದರೂ ಚಪ್ಪಾಳೆ ತಟ್ಟುವ ಭಾಗ್ಯ ಆ ದಿನ ಇದ್ದದ್ದು ಬೆಟಗೇರಿಯವರಿಗೆ ಮಾತ್ರ. ಮೈಸೂರು ಒಂದು ಚೀಲದಿಂದ ಗೆದ್ದಿತು. ಮೌಲಾಸಾಬ ಇಬ್ಬರಿಗೂ ಕೈ ಕೆಂಪಾಗುವವರೆಗೆ ಚಪ್ಪಾಳೆ ತಟ್ಟಿದ.

ಸಂಜೆ ನಾಲ್ಕರ ಹೊತ್ತಿಗೆ ಮೋಟಾರುಗಳು ಒಂದೊಂದಾಗಿ ಬರತೊಡಗಿದವು. ಮಕ್ಕಳು ಅವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟು, ಕೈಕುಲುಕಿ, ಬಸ್ಸು ಹಿಡಿಯಲು ಓಡಿದರು. ಹದಿನೇಳೂ ಬಂದವು. ದಾಕ್ಷಾಯಿಣಿ ಎಲ್ಲವನ್ನೂ ಸಾಲಾಗಿಟ್ಟು ಮೊಬೈಲು ತೆಗೆದಳು. ಸುಟ್ಟಿರುವುದು ಯಾವುದಾದರೂ ಇದೆಯೇ ಎಂದು ಜೋಳಿಗೆಯನ್ನು ಕೇಳಲು ನಾಲ್ಕು ಸಾಲು ಬರೆದಳು. ಉತ್ತರ ಬರಲು ಎಂದಿಗಿಂತ ತಡವಾಯಿತು. ಬಂದಾಗ ಅವಳು ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಕೇಳಿದಳು.

“ಮೇಡಂ, ಇದು ಕೆಟ್ಟೈತೇನ್ರಿ? ನಮ್ಮ ಮೋಟಾರಿನ ನೆನಪಿನೊಳಗ ಹೆಸರು ಬಿಟ್ರ ಏನೂ ಇರ್ಲಿಲ್ರಿ. ಈಗ ತುಂಬಿ ಹೋಗೇತಿ.”

ಪಕ್ಕದಲ್ಲಿ ಸಾಮಾನು ಕಟ್ಟುತ್ತಿದ್ದ ವಸುಮತಿ ಬಂದು ಬಗ್ಗಿ ನೋಡಿದರು. ನೋಡಿದವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

“ಇದು ಚಾಲನಾ ಪಟ್ಟಿ,” ಎಂದರು.

ಚೀಲ ಎತ್ತುವ ಯಾವ ಗಳಿಗೆಯಲ್ಲಿ ಮೋಟಾರಿಗೆ ಎಷ್ಟು ವಿದ್ಯುತ್ತು ಕೊಡಬೇಕು, ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬ ಲೆಕ್ಕವೇ ಚಾಲನಾ ಪಟ್ಟಿ. ಸಾವಿರಾರು ಸಲ ಎತ್ತಿ ಕೆಡವಿ ಕಲಿತ ವಿದ್ಯೆ ಅದು. ಬಯಲಿನಲ್ಲಿದ್ದ ದತ್ತಾಂಶದಲ್ಲಿ ಅದು ಸೇರಿರಲಿಲ್ಲ. ಪ್ರತಿ ತಂಡವೂ ಅದನ್ನು ಕಣ್ಣಿನಲ್ಲಿ ಕಣ್ಣಿಟ್ಟು ಕಾಯುತ್ತಿತ್ತು. ಈಗ ಮೈಸೂರಿನ ಎರಡು ಮೋಟಾರುಗಳಲ್ಲಿ ಮೈಸೂರಿನ ಪಟ್ಟಿ ಇತ್ತು. ಕಲಬುರಗಿಯಿಂದ ಬಂದವುಗಳಲ್ಲಿ ಕಲಬುರಗಿಯದು. ಶಿರಸಿಯವರು ತಿರುವಿನಲ್ಲಿ ಜಾರದಂತೆ ಮಾಡುವ ಉಪಾಯವನ್ನು ತುಂಬಿದ್ದರು. ಮಂಡ್ಯದವರು ಮೂರರಲ್ಲೂ ತುಂಬಿ, ಬಳಸದೆ ಉಳಿದ ಆ ಮೂರನೆಯದರಲ್ಲಿ ತಮ್ಮ ಹುಡುಗರ ಹೆಸರುಗಳನ್ನೂ ಬರೆದಿದ್ದರು. ಹನ್ನೊಂದು ತಂಡದಲ್ಲಿ ಒಂದೂ ಬಿಟ್ಟಿರಲಿಲ್ಲ.

“ಮೂರು ವರ್ಷದ ದುಡಿಮೆ ಇದು. ಒಡಹುಟ್ಟಿದವರ ಶಾಲೆಗೂ ಕೊಡಲ್ಲ,” ಎಂದರು ವಸುಮತಿ. “ಒಬ್ಬರನ್ನೊಬ್ಬರು ಕೇಳಿಕೊಂಡ ಹಾಗೂ ಇಲ್ಲ, ಒಬ್ಬೊಬ್ಬರು ತುಂಬಿರೋದು ಒಂದೊಂದು ರೀತಿ. ಹನ್ನೊಂದು ಊರಿನ ಮಕ್ಕಳಿಗೆ ಒಂದೇ ಬುದ್ಧಿ ಹೇಗೆ ಬಂತು? ಯಾರು ಹೇಳಿಕೊಟ್ಟರು ಇವರಿಗೆ?”

ಮೌಲಾಸಾಬ ಮೈಸೂರಿನಿಂದ ಬಂದ ಮೋಟಾರನ್ನು ಕೈಗೆತ್ತಿಕೊಂಡು ತಿರುಗಿಸುತ್ತಿದ್ದ. ತಾನು ಕೆತ್ತಿದ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದ.

“ನಿಮ್ಮ ನಂಜನಗೂಡಿನಾಗ ಮಂದಿ ಮನಿ ಡಬ್ಬಿ ತಂದ್ರ ಹೆಂಗ ತಿರುಗಿ ಕೊಡ್ತೀರಿ ಮೇಡಮ್ಮಾರ?”

ಪಕ್ಕದ ಮನೆಯ ಡಬ್ಬಿ ಹಿಂದಿರುಗಿಸಲು ಹೊರಟ ತಮ್ಮನ್ನು ಬಾಗಿಲಲ್ಲಿ ತಡೆದು, ಏನೂ ಇಲ್ಲದಿದ್ದರೆ ಹಿಡಿ ಸಕ್ಕರೆಯನ್ನಾದರೂ ಅದಕ್ಕೆ ಸುರಿದು ಕಳಿಸುತ್ತಿದ್ದ ಅಮ್ಮನ ಕೈ ವಸುಮತಿಯವರಿಗೆ ಕಂಡಿತು.

“ಖಾಲಿ ಕೊಡಲ್ಲ,” ಎಂದರು.

“ಅವರೂ ಕೊಟ್ಟಿಲ್ಲ,” ಎಂದ ಮೌಲಾಸಾಬ. ಆಮೇಲೆ ಎಂಟನೆಯ ಇಯತ್ತೆಯ ಇಬ್ಬರನ್ನೂ ಕರೆದು, ಮೈಸೂರಿನ ಮೋಟಾರನ್ನು ಒಬ್ಬಳ ಕೈಗೂ ಕಲಬುರಗಿಯದನ್ನು ಇನ್ನೊಬ್ಬಳ ಕೈಗೂ ಇಟ್ಟ. “ಜ್ವಾಕಿ. ಮುಂದಿನ ವರ್ಷ ಇವು ನಿಮ್ಮ ಯಂತ್ರದಾಗ ಕುಂದ್ರತಾವ,” ಎಂದ. ಹುಡುಗಿಯರು ಅವನ್ನು ಟ್ರಂಕಿಗೆ ಹಾಕಲು ಒಪ್ಪದೆ, ಬೆಟಗೇರಿಯವರೆಗೂ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡೇ ಕೂತರು.